ಸಂಘದ ಸಭಾಂಗಣಕ್ಕೊಂದು ಸಣ್ಣ ಚಿತ್ರ

ಚಲಚ್ಚಿತ್ರವೆಂದ ಕೂಡಲೇ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೋಟಿಗಟ್ಟಲೆ ರೂಪಾಯಿಗಳ ವ್ಯವಹಾರ, ತಾರೆಯರ ಸಂಭಾವನೆ, ಚಿತ್ರಮಂದಿರಗಳ ಪೈಪೋಟಿ. ಇದು ಬಂಡವಾಳವುಳ್ಳವರ ಉದ್ಯಮ. ನಮ್ಮಂಥವರಿಗೆ ಉಳಿದಿರುವುದು ಟಿಕೆಟು ಕೊಂಡು ನೋಡುವ ಕೆಲಸ ಮಾತ್ರ ಎಂಬ ಭಾವನೆ ಬಲವಾಗಿ ಬೇರೂರಿದೆ. ಹೊರನಾಡಿನ ಕನ್ನಡ ಸಂಘಗಳು ನಾಟಕಗಳನ್ನು ಆಡಿವೆ, ಯಕ್ಷಗಾನವನ್ನು ಏರ್ಪಡಿಸಿವೆ, ಗಮಕ, ಸುಗಮ ಸಂಗೀತ, ಕವಿಗೋಷ್ಠಿಗಳನ್ನು ನಡೆಸಿವೆ. ಚಲಚ್ಚಿತ್ರದ ಮಾತು ಬಂದಾಗ ಮಾತ್ರ, ಊರಿನಿಂದ ಬಂದ ಜನಪ್ರಿಯ ಚಿತ್ರವೊಂದನ್ನು ಭಾನುವಾರ ಬೆಳಿಗ್ಗೆ ತೋರಿಸುವುದಕ್ಕಿಂತ ಮುಂದಕ್ಕೆ ನಮ್ಮ ಯೋಚನೆ ಹರಿದದ್ದು ಕಡಿಮೆ.

ಆದರೆ ಕಳೆದ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನಮ್ಮ ದೇಶದಲ್ಲಿ ಇನ್ನೊಂದು ಬಗೆಯ ಚಲಚ್ಚಿತ್ರವೂ ಬಾಳಿಕೊಂಡು ಬಂದಿದೆ. ಸಮಾನ ಆಸಕ್ತಿಯ ಹತ್ತಾರು ಜನ ಸೇರಿ ತಯಾರಿಸುವ, ಸಣ್ಣ ಸಭೆಗಳಲ್ಲಿ ತೋರಿಸುವ, ಒಬ್ಬರಿಂದೊಬ್ಬರಿಗೆ ದಾಟಿಸುವ ಚಿತ್ರ ಅದು. ಅಂತಹ ಚಿತ್ರವನ್ನು ತಯಾರಿಸುವುದು ಹೇಗೆ, ತೋರಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ಸಣ್ಣ ಚಿತ್ರಕ್ಕೆ ಇಂದು ಇಲ್ಲದಿರುವುದು ಕ್ಯಾಮೆರಾ ಅಲ್ಲ, ಪ್ರೇಕ್ಷಕ ವರ್ಗ. ಆ ಪ್ರೇಕ್ಷಕ ವರ್ಗವೋ ಪ್ರತಿಯೊಂದು ಕನ್ನಡ ಸಂಘದ ಸದಸ್ಯರ ಪಟ್ಟಿಯಲ್ಲಿ ಸಿದ್ಧವಾಗಿಯೇ ಇದೆ.

ಮದರಾಸಿನಲ್ಲಿ ಮೊಳೆತ ಕನ್ನಡ ಚಿತ್ರ

ಕನ್ನಡದ ಹೊಸ ಅಲೆಯ ಮೊದಲ ಚಿತ್ರವೆಂದು ಹೆಸರಾದ ‘ಸಂಸ್ಕಾರ’ (೧೯೭೦) ಹುಟ್ಟಿದ ಬಗೆಯನ್ನು ಹೊರನಾಡಿನ ನಾವು ವಿಶೇಷವಾಗಿ ಗಮನಿಸಬೇಕು. ಯು.ಆರ್. ಅನಂತಮೂರ್ತಿಯವರ ಕಾದಂಬರಿ ಪ್ರಕಟವಾದದ್ದು ೧೯೬೫ರಲ್ಲಿ. ಅದಕ್ಕೆ ಚಿತ್ರಕಥೆ ಬರೆದು, ಪ್ರಾಣೇಶಾಚಾರ್ಯರ ಪಾತ್ರವನ್ನೂ ವಹಿಸಿದ ಗಿರೀಶ ಕಾರ್ನಾಡರು ಆಗ ಮದರಾಸಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದವರು. ಸಂಜೆ ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ನಾಟಕ ತಂಡದೊಡನೆ ರಂಗದಲ್ಲಿ ತೊಡಗುತ್ತಿದ್ದವರು. ಚಂದ್ರಿಯಾಗಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರೂ ಅದೇ ತಂಡದವರು. ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿಯವರು ತೆಲುಗು ಕವಿ. ಕಲಾ ನಿರ್ದೇಶನ ಮಾಡಿದ ಎಸ್.ಜಿ. ವಾಸುದೇವ್ ಮದರಾಸಿನ ಬಳಿಯ ಚೋಳಮಂಡಲ ಕಲಾಗ್ರಾಮದ ಚಿತ್ರಕಲಾವಿದರು. ಛಾಯಾಗ್ರಹಣ ಆಸ್ಟ್ರೇಲಿಯಾದ ಟಾಮ್ ಕೋವನ್ ಅವರದು. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ನಾರಣಪ್ಪನಾಗಿ ಪಿ. ಲಂಕೇಶರು ಅಭಿನಯಿಸಿದರು.

ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಪರನಗರವೊಂದರಲ್ಲಿ ನಾಟಕ, ಚಿತ್ರಕಲೆ, ಸಾಹಿತ್ಯಗಳ ಗೆಳೆತನದಿಂದ ಕೂಡಿಬಂದ ಬಳಗವೇ ಆ ಚಿತ್ರದ ನಿಜವಾದ ಬಂಡವಾಳವಾಗಿತ್ತು ಎಂಬುದು ಸ್ಪಷ್ಟವಾಗುತ್ತದೆ. ಸ್ಟುಡಿಯೋದ ಗೋಡೆಗಳ ನಡುವೆ ಅಗ್ರಹಾರವನ್ನು ಕಟ್ಟುವ ಬದಲು ಅವರು ಶೃಂಗೇರಿಯ ಸಮೀಪದ ವೈಕುಂಠಪುರಕ್ಕೆ ಹೋಗಿ, ಇದ್ದ ಮನೆ ಬೀದಿಗಳಲ್ಲೇ ಕಪ್ಪು-ಬಿಳುಪಿನಲ್ಲಿ ಚಿತ್ರೀಕರಿಸಿದರು. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರ ನಿರಾಕರಿಸಿತು. ಕೇಂದ್ರ ಸರಕಾರದ ಮಟ್ಟದಲ್ಲಿ ಆ ನಿಷೇಧ ತೆರವಾದ ಮೇಲೆ ಚಿತ್ರ ಜನರ ಮುಂದೆ ಬಂದಿತು. ೧೯೭೦ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆದು, ಆ ಗೌರವವನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದುಕೊಟ್ಟಿತು. ಊರಿನಿಂದ ದೂರವಿರುವುದು ಕನ್ನಡ ಚಿತ್ರ ತಯಾರಿಸಲು ಅಡ್ಡಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಖರ್ಚಿನ ಲೆಕ್ಕ: ಅಂದು, ಇಂದು

ಆ ಕಾಲದಲ್ಲಿ ಸಣ್ಣ ತಂಡಗಳ ಕೈಕಟ್ಟಿ ಹಾಕುತ್ತಿದ್ದುದು ಮುಖ್ಯವಾಗಿ ಕಚ್ಚಾ ಫಿಲ್ಮಿನ ಬೆಲೆ. ಕ್ಯಾಮೆರಾದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು ಮೂಡಬೇಕು. ಚಿತ್ರಮಂದಿರಗಳಲ್ಲಿ ಬಳಕೆಯಲ್ಲಿದ್ದ ೩೫ ಮಿಲಿಮೀಟರಿನ ಫಿಲ್ಮು ಈ ವೇಗದಲ್ಲಿ ನಿಮಿಷಕ್ಕೆ ೯೦ ಅಡಿ ಓಡುತ್ತದೆ. ಅಂದರೆ ಎರಡು ಗಂಟೆಯ ಚಿತ್ರಕ್ಕೆ ೧೦,೮೦೦ ಅಡಿ. ಪ್ರತಿ ದೃಶ್ಯವನ್ನೂ ಸರಾಸರಿ ನಾಲ್ಕು ಬಾರಿ ತೆಗೆದರೆ ೪೩,೨೦೦ ಅಡಿ ಬೇಕಾಗುತ್ತದೆ. ಅದನ್ನು ಕೊಳ್ಳಬೇಕು, ಪ್ರಯೋಗಾಲಯದಲ್ಲಿ ಸಂಸ್ಕರಿಸಬೇಕು, ಪ್ರತಿ ತೆಗೆಸಬೇಕು. ಇದರ ಮುಂದೆ ೧೬ ಮಿಲಿಮೀಟರಿನ ಫಿಲ್ಮು ನಿಮಿಷಕ್ಕೆ ೩೬ ಅಡಿಯಷ್ಟೇ ಓಡುವುದರಿಂದ, ಎರಡು ಗಂಟೆಗೆ ೪,೩೨೦ ಅಡಿ ಸಾಕು. ಅದರ ಕ್ಯಾಮೆರಾ ಹಗುರ. ಪ್ರೊಜೆಕ್ಟರನ್ನು ಪೆಟ್ಟಿಗೆಯಲ್ಲಿಟ್ಟು ಬಸ್ಸಿನಲ್ಲಿ ಒಯ್ಯಬಹುದು. ಚಿತ್ರಸಮಾಜಗಳೂ ಸಾಕ್ಷ್ಯಚಿತ್ರಕಾರರೂ ಅದನ್ನು ನೆಚ್ಚಿಕೊಂಡದ್ದು ಈ ಕಾರಣದಿಂದಲೇ.

ಇಂದು ಈ ಲೆಕ್ಕವೇ ಬದಲಾಗಿದೆ. ಕೈಯಲ್ಲಿರುವ ಮೊಬೈಲು ದೂರವಾಣಿಯೇ ದೊಡ್ಡ ಪರದೆಗೆ ತಕ್ಕಷ್ಟು ಸ್ಫುಟವಾದ ಚಿತ್ರವನ್ನು ತೆಗೆಯಬಲ್ಲದು; ಸಂಕಲನವನ್ನು ಮನೆಯ ಗಣಕಯಂತ್ರದಲ್ಲಿಯೇ ಮಾಡಬಹುದು. ಹತ್ತು ಬಾರಿ ತೆಗೆದರೂ ಫಿಲ್ಮಿನ ಖರ್ಚು ಇಲ್ಲ. ಉಳಿದಿರುವ ಖರ್ಚುಗಳು ಜನರ ಸಮಯ, ಊಟ-ಪ್ರಯಾಣ ಮತ್ತು ಧ್ವನಿ. ಈ ಮೂರರಲ್ಲಿ ಹೊಸಬರು ಅಲಕ್ಷಿಸುವುದು ಧ್ವನಿಯನ್ನೇ. ಚಿತ್ರ ತುಸು ಮಂಕಾದರೆ ಪ್ರೇಕ್ಷಕ ಸಹಿಸುತ್ತಾನೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾನೆ. ನಗರದ ಮನೆಗಳಲ್ಲಿ ಫ್ಯಾನು, ಶೀತಕಪೆಟ್ಟಿಗೆ, ಕೆಳಗಿನ ವಾಹನಗಳ ಸದ್ದು ನಮ್ಮ ಕಿವಿಗೆ ರೂಢಿಯಾಗಿ ಹೋಗಿದ್ದರೂ ಯಂತ್ರ ಅದನ್ನೆಲ್ಲ ದಾಖಲಿಸಿಕೊಳ್ಳುತ್ತದೆ. ಮಾತನಾಡುವವರ ಅಂಗಿಗೆ ಸಿಕ್ಕಿಸುವ ಕಾಲರ್ ಮೈಕೊಂದನ್ನು ಕೊಳ್ಳುವುದು ಅಥವಾ ಬಾಡಿಗೆಗೆ ತರುವುದು ಸಣ್ಣ ತಂಡದ ಮೊದಲ ಖರ್ಚಾಗಬೇಕು.

ಮೊದಲ ಪ್ರಯತ್ನಕ್ಕೆ ಅರ್ಧ ಗಂಟೆಯ ಚಿತ್ರ ಸಾಕು. ಕೈಗೆಟುಕುವ ವಸ್ತುವನ್ನು ಆರಿಸಿಕೊಳ್ಳಬೇಕು. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಓದಿ ಮೇಲೆ ಬಂದವರು ಎಷ್ಟೋ ಜನ. ಅವರಲ್ಲಿ ಈಗಲೂ ನಮ್ಮೊಡನಿರುವ ಹಿರಿಯರ ನೆನಪುಗಳೇ ಒಂದು ಚಿತ್ರಕ್ಕೆ ಸಾಲುವ ವಸ್ತು. ಕಥೆಯೊಂದನ್ನು ಆಧರಿಸುವುದಾದರೆ ಲೇಖಕರ ಇಲ್ಲವೆ ಅವರ ವಾರಸುದಾರರ ಲಿಖಿತ ಅನುಮತಿ ಬೇಕು. ಲೇಖಕರು ಗತಿಸಿದ ಮೇಲೂ ೬೦ ವರ್ಷಗಳವರೆಗೆ ಕೃತಿಸ್ವಾಮ್ಯ ಉಳಿದಿರುತ್ತದೆ. ಚಿತ್ರದಲ್ಲಿ ಕಾಣಿಸಿಕೊಳ್ಳುವವರಿಂದಲೂ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಪ್ರಸಿದ್ಧ ಗೀತೆಯನ್ನು ಹಿನ್ನೆಲೆಗೆ ಬಳಸುವ ಆಸೆಯನ್ನು ಬಿಟ್ಟು, ಸಂಘದ ಹಾಡುಗಾರರಿಂದಲೇ ಹೊಸದೊಂದನ್ನು ಮಾಡಿಸಿಕೊಂಡರೆ ತಕರಾರಿಗೆ ಎಡೆಯಿರುವುದಿಲ್ಲ.

ಹನಿಗೂಡಿದ ಹಣ

ಹಣದ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ಮೂರು ಬಗೆಯ ಉತ್ತರಗಳು ಸಿಕ್ಕಿವೆ. ಶ್ಯಾಮ್ ಬೆನೆಗಲ್ ಅವರ ‘ಮಂಥನ್’ (೧೯೭೬) ಚಿತ್ರಕ್ಕೆ ಗುಜರಾತಿನ ಹಾಲು ಉತ್ಪಾದಕರ ಸಹಕಾರ ಸಂಘಗಳ ೫ ಲಕ್ಷ ರೈತರು ತಲಾ ೨ ರೂಪಾಯಿ ಕೊಟ್ಟರು. ಒಟ್ಟಾದದ್ದು ೧೦ ಲಕ್ಷ ರೂಪಾಯಿ. ಅದರಲ್ಲಿ ಪಶುವೈದ್ಯರ ಪಾತ್ರವನ್ನು ವಹಿಸಿದವರು ಕಾರ್ನಾಡರೇ. ಚಿತ್ರ ಬಿಡುಗಡೆಯಾದಾಗ ಹಣ ಹಾಕಿದ ರೈತರೇ ತಂಡತಂಡವಾಗಿ ಬಂದು ‘ತಮ್ಮ’ ಚಿತ್ರವನ್ನು ನೋಡಿದರು. ೪೮ ವರ್ಷಗಳ ಬಳಿಕ, ೨೦೨೪ರಲ್ಲಿ, ಪುನರುದ್ಧರಿಸಿದ ಅದರ ಪ್ರತಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಅವರ ಗೆಳೆಯರು ೧೯೮೪ರಲ್ಲಿ ‘ಒಡೆಸ್ಸಾ’ ಎಂಬ ಕೂಟವನ್ನು ಕಟ್ಟಿದರು. ಊರೂರಿಗೆ ಹೋಗಿ ಚಾಪ್ಲಿನ್ನನ ‘ದಿ ಕಿಡ್’ ಮೊದಲಾದ ಚಿತ್ರಗಳನ್ನು ತೋರಿಸಿ, ನೋಡಿದವರಿಂದ ಕೈಲಾದಷ್ಟು ಹಣ ಕೂಡಿಸಿ, ‘ಅಮ್ಮ ಅರಿಯಾನ್’ (೧೯೮೬) ಚಿತ್ರವನ್ನು ಮುಗಿಸಿದರು. ಹಂಚಿಕೆದಾರರನ್ನು ನೆಚ್ಚದೆ ಮತ್ತೆ ಅದೇ ಊರುಗಳ ಜನರಿಗೆ ಅದನ್ನು ತೋರಿಸಿದರು. ಕನ್ನಡದಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ (೨೦೧೩) ನೂರಕ್ಕೂ ಹೆಚ್ಚು ಜನ ಅಂತರಜಾಲದ ಮೂಲಕ ಹಾಕಿದ, ಸುಮಾರು ಅರ್ಧ ಕೋಟಿ ರೂಪಾಯಿಯ ಬಂಡವಾಳದಿಂದ ತಯಾರಾಯಿತು.

ಮೂರರ ಕಾಲ, ಭಾಷೆ, ಗಾತ್ರ ಬೇರೆ ಬೇರೆ, ಸಾಮಾನ್ಯವಾದದ್ದು ಒಂದೇ. ಹಣ ಕೊಟ್ಟವನು ಅದೇ ಗಳಿಗೆಯಲ್ಲಿ ಪ್ರೇಕ್ಷಕನೂ ಆಗುತ್ತಾನೆ. ಚಿತ್ರ ಮುಗಿದ ಮೇಲೆ ಪ್ರೇಕ್ಷಕರನ್ನು ಹುಡುಕಿಕೊಂಡು ಅಲೆಯಬೇಕಾದ ಸ್ಥಿತಿ ಬರುವುದಿಲ್ಲ. ಇನ್ನೂರು ಕುಟುಂಬಗಳಿರುವ ಸಂಘದಲ್ಲಿ ಮನೆಗೆ ೨೫೦ ರೂಪಾಯಿಯಂತೆ ಕೂಡಿಸಿದರೆ ೫೦ ಸಾವಿರವಾಗುತ್ತದೆ. ಸದಸ್ಯರೇ ದುಡಿದು, ಸದಸ್ಯರ ಮನೆಗಳಲ್ಲೇ ಚಿತ್ರೀಕರಿಸುವ ಅರ್ಧ ಗಂಟೆಯ ಚಿತ್ರವನ್ನು ಈ ಮೊತ್ತದೊಳಗೆ ಯೋಜಿಸಿಕೊಳ್ಳಬಹುದು. ಅದರ ಜೊತೆಗೆ ಇನ್ನೂರು ಮನೆಗಳ ಪ್ರೇಕ್ಷಕರೂ ದೊರೆಯುತ್ತಾರೆ.

ತಮ್ಮವರಿಗಾಗಿ ತಮ್ಮದೇ ಚಿತ್ರ

ಪ್ರೇಕ್ಷಕರು ಹತ್ತಿರದಲ್ಲಿಯೇ ಇದ್ದರೆ ಏನಾಗಬಲ್ಲದೆಂಬುದನ್ನು ನಾಸಿಕ ಜಿಲ್ಲೆಯ ಮಾಲೆಗಾಂವ್ ತೋರಿಸಿಕೊಟ್ಟಿತು. ವಿದ್ಯುತ್ ಮಗ್ಗಗಳ ಆ ಪಟ್ಟಣದಲ್ಲಿ ವಿಡಿಯೋ ಮಂದಿರ ನಡೆಸುತ್ತಿದ್ದ ನಾಸಿರ್ ಶೇಖ್, ಮದುವೆಗಳನ್ನು ಚಿತ್ರೀಕರಿಸುವಂಥ ವಿಡಿಯೋ ಕ್ಯಾಮೆರಾ ಹಿಡಿದು, ಊರಿನ ಮಗ್ಗದ ಕೆಲಸಗಾರರನ್ನೇ ನಟರನ್ನಾಗಿಸಿ, ೨೦೦೦ದ ಸುಮಾರಿಗೆ ‘ಮಾಲೆಗಾಂವ್ ಕೆ ಶೋಲೆ’ ಎಂಬ ವಿಡಂಬನ ಚಿತ್ರವನ್ನು ಮಾಡಿದರು. ಕ್ಯಾಮೆರಾವನ್ನು ಸರಾಗವಾಗಿ ಸಾಗಿಸಲು ಆ ತಂಡಕ್ಕೆ ಬೈಸಿಕಲ್ಲೇ ಟ್ರಾಲಿಯಾಯಿತು. ಪಕ್ಕದ ಮನೆಯವನನ್ನು ಪರದೆಯ ಮೇಲೆ ಕಾಣಲು ಊರಿನ ಜನ ವಿಡಿಯೋ ಮಂದಿರಕ್ಕೆ ಮುಗಿಬಿದ್ದರು. ಈ ತಂಡವನ್ನೇ ಕುರಿತು ಫೈಜಾ ಅಹ್ಮದ್ ಖಾನ್ ತೆಗೆದ ಸಾಕ್ಷ್ಯಚಿತ್ರ (೨೦೦೮) ಹೊರಗಿನ ಜಗತ್ತಿಗೂ ಅದನ್ನು ಪರಿಚಯಿಸಿತು.

ಅಲ್ಲಿ ಕೈಗೂಡಿದ್ದು ತಯಾರಿಕೆಯಾದರೆ, ನೋಡುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದ ಕೀರ್ತಿ ನಮ್ಮ ಮಲೆನಾಡಿನ ಹೆಗ್ಗೋಡಿನದು. ಸಾಗರ ತಾಲೂಕಿನ ಆ ಹಳ್ಳಿಯಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆ ೧೯೭೩ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಜಗತ್ತಿನ ಶ್ರೇಷ್ಠ ಚಿತ್ರಗಳು ಅಡಿಕೆ ಬೆಳೆಗಾರರಿಗೂ ಕೂಲಿಗಾರರಿಗೂ ದಕ್ಕಬೇಕೆಂಬುದು ಕೆ.ವಿ. ಸುಬ್ಬಣ್ಣನವರ ಹಟ. ಪರಭಾಷೆಯ ಚಿತ್ರವನ್ನು ಸುಮ್ಮನೆ ಓಡಿಸಿ ಮುಗಿಸುವ ಬದಲು ಅದರ ಕಥೆಯನ್ನೂ ಹಿನ್ನೆಲೆಯನ್ನೂ ಕನ್ನಡದಲ್ಲಿ ವಿವರಿಸಿದರು. ನೋಡಿದ ಬಳಿಕ ಚರ್ಚೆಗೆ ಅವಕಾಶ ಕಲ್ಪಿಸಿದರು. ಪುಣೆಯಿಂದ ಸತೀಶ್ ಬಹಾದ್ದೂರ್, ಪಿ.ಕೆ. ನಾಯರ್ ಅವರಂತಹ ಬಲ್ಲವರು ಬಂದು ಚಿತ್ರ ರಸಗ್ರಹಣ ಶಿಬಿರಗಳಲ್ಲಿ ಪಾಠ ಹೇಳಿದರು. ಸುಬ್ಬಣ್ಣನವರಿಗೆ ೧೯೯೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಹಳ್ಳಿಯಲ್ಲಿ ಸಾಧ್ಯವಾದದ್ದು ಮಾತುಂಗದಲ್ಲಿಯೋ ಮೈಲಾಪುರದಲ್ಲಿಯೋ ಅಸಾಧ್ಯವೆನ್ನಲು ಕಾರಣವಿಲ್ಲ.

ಪ್ರದರ್ಶನವನ್ನು ಏರ್ಪಡಿಸುವ ಬಗೆ

ಸಂಘದಲ್ಲಿ ಪ್ರದರ್ಶನ ನಡೆಸುವ ಮುನ್ನ ಕಾನೂನಿನ ಎರಡು ಅಂಶಗಳನ್ನು ತಿಳಿದಿರಬೇಕು. ಮೊದಲನೆಯದು ಪ್ರಮಾಣಪತ್ರ. ೧೯೫೨ರ ಚಲಚ್ಚಿತ್ರ ಅಧಿನಿಯಮದ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣೀಕರಣ ಮಂಡಳಿಯ ಪತ್ರ ಬೇಕು. ಚಿತ್ರ ಚಿಕ್ಕದೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. ೨೦೨೩ರ ತಿದ್ದುಪಡಿಯಿಂದ ಈ ಪತ್ರಕ್ಕಿದ್ದ ಹತ್ತು ವರ್ಷಗಳ ಅವಧಿಯ ಮಿತಿ ಹೋಗಿ, ಅದು ಶಾಶ್ವತವಾಯಿತು. ಮಕ್ಕಳು ಪಾಲಕರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳನ್ನು ೭, ೧೩ ಮತ್ತು ೧೬ ವರ್ಷಗಳ ಮೂರು ಹಂತಗಳಾಗಿ ವಿಂಗಡಿಸಲಾಯಿತು. ಮಂಡಳಿಗೆ ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಪ್ರಾದೇಶಿಕ ಕಚೇರಿಗಳಿರುವುದು ನಮಗೊಂದು ಅನುಕೂಲ.

ಎರಡನೆಯದು ಕೃತಿಸ್ವಾಮ್ಯ. ಟಿಕೆಟಿಲ್ಲ, ಸದಸ್ಯರಿಗೆ ಉಚಿತ, ಆದ್ದರಿಂದ ಯಾರ ಅನುಮತಿಯೂ ಬೇಡ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ೧೯೫೭ರ ಕೃತಿಸ್ವಾಮ್ಯ ಅಧಿನಿಯಮವು ಹವ್ಯಾಸಿ ಸಂಘಗಳು ಹಣ ಪಡೆಯದೆ ನಡೆಸುವ ಪ್ರದರ್ಶನಗಳಿಗೆ ಕೊಟ್ಟಿರುವ ರಿಯಾಯಿತಿ ಸಾಹಿತ್ಯ, ನಾಟಕ, ಸಂಗೀತ ಕೃತಿಗಳಿಗೆ ಸಂಬಂಧಿಸಿದ್ದು. ಚಲಚ್ಚಿತ್ರವನ್ನು ಅದರಲ್ಲಿ ಹೆಸರಿಸಿಲ್ಲ. ಅಂಗಡಿಯಲ್ಲಿ ಕೊಂಡ ಡಿವಿಡಿಯಾಗಲಿ, ಮನೆಗೆ ಚಂದಾ ಕಟ್ಟಿದ ಅಂತರಜಾಲದ ಸೇವೆಯಾಗಲಿ ಮನೆಯವರು ನೋಡುವುದಕ್ಕಷ್ಟೇ. ಚಿತ್ರದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ ೬೦ ವರ್ಷ ಇರುತ್ತದೆ. ಸಾಮಾನ್ಯವಾಗಿ ಅದು ನಿರ್ಮಾಪಕರಲ್ಲಿರುತ್ತದೆ. ಸಂಘದ ಕಾಗದದಲ್ಲಿ ದಿನಾಂಕ, ಸ್ಥಳ, ಅಂದಾಜು ಪ್ರೇಕ್ಷಕರ ಸಂಖ್ಯೆಗಳನ್ನು ತಿಳಿಸಿ ಪತ್ರ ಬರೆಯಬೇಕು. ಸಣ್ಣ ಚಿತ್ರಗಳ ನಿರ್ಮಾಪಕರಿಗೆ ಬೇಕಾಗಿರುವುದೂ ಪ್ರೇಕ್ಷಕರೇ ಆದ್ದರಿಂದ, ಸಣ್ಣ ಗೌರವಧನಕ್ಕೆ ಒಪ್ಪುವವರು ದೊರೆಯುತ್ತಾರೆ.

ಇನ್ನು ವ್ಯವಸ್ಥೆಯ ಮಾತು. ಹಗಲಿನ ಪ್ರದರ್ಶನವಾದರೆ ಕಿಟಕಿಗಳಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಬೇಕು. ಬೆಳಕು ನುಸುಳಿದರೆ ಎಂತಹ ಪ್ರೊಜೆಕ್ಟರೂ ಸೋಲುತ್ತದೆ. ಧ್ವನಿಪೆಟ್ಟಿಗೆಗಳು ಪರದೆಯ ಎರಡೂ ಬದಿಗಳಲ್ಲಿ, ಕುಳಿತವರ ಕಿವಿಯ ಮಟ್ಟಕ್ಕಿಂತ ಸ್ವಲ್ಪ ಮೇಲಿರಲಿ. ಹಿಂದಿನ ದಿನವೇ ಅದೇ ಯಂತ್ರ, ಅದೇ ತಂತಿ, ಅದೇ ಕಡತವನ್ನು ಹಾಕಿ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಬೇಕು. ಪರದೆಯ ಕೆಳಗಿನ ಅಡಿಬರಹಗಳು ಎರಡು ಸಾಲಿಗೆ ಮೀರದೆ, ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕಾಣುವಂತಿರಬೇಕು. ನಮ್ಮ ಮಕ್ಕಳಲ್ಲಿ ಕನ್ನಡವನ್ನು ಕೇಳಿ ಅರ್ಥ ಮಾಡಿಕೊಂಡರೂ ಓದಲಾರದವರು ಬಹಳ ಮಂದಿ. ಹಿಂದಿಯ ಅಥವಾ ಇಂಗ್ಲಿಷಿನ ಅಡಿಬರಹವಿದ್ದರೆ ಅವರೂ ಕುಳಿತು ನೋಡುತ್ತಾರೆ. ನೆರೆಮನೆಯ ಮರಾಠಿ, ತಮಿಳು ಬಂಧುಗಳನ್ನೂ ಕರೆಯಬಹುದು.

ಪ್ರದರ್ಶನದ ಬಳಿಕ ಅರ್ಧ ಗಂಟೆಯ ಮಾತುಕತೆಯನ್ನು ಬಿಡಬಾರದು. ಸನ್ಮಾನ, ಹಾರತುರಾಯಿಗಳಿಗೆ ಆ ಹೊತ್ತನ್ನು ಒಪ್ಪಿಸಿದರೆ ಚಿತ್ರ ನೋಡಿದ ಅನುಭವ ಅಲ್ಲಿಗೇ ಆರಿಹೋಗುತ್ತದೆ. ಸಭೆಗೆ ಇಬ್ಬರು ಮೂವರು ಸಿದ್ಧವಾಗಿ ಬಂದು ಒಂದೊಂದು ಪ್ರಶ್ನೆ ಎತ್ತಿದರೆ ಉಳಿದವರು ತಾವಾಗಿ ಮಾತಿಗೆ ಬರುತ್ತಾರೆ. ಪ್ರದರ್ಶನ ತಿಂಗಳಿಗೊಂದಾಗದಿದ್ದರೆ ಮೂರು ತಿಂಗಳಿಗೊಂದಾದರೂ ಇರಲಿ; ಆದರೆ ಗೊತ್ತಾದ ದಿನ ತಪ್ಪಕೂಡದು. ಪ್ರೇಕ್ಷಕ ವರ್ಗ ಬೆಳೆಯುವುದು ಈ ನಿಯಮದಿಂದಲೇ.

ಹಂಚುವುದೂ ಉಳಿಸುವುದೂ

ತಯಾರಿಕೆಗೂ ಪ್ರದರ್ಶನಕ್ಕೂ ಪಟ್ಟ ಶ್ರಮವೆಲ್ಲ ಉಳಿಸಿಕೊಳ್ಳದಿದ್ದರೆ ವ್ಯರ್ಥ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರ ಮಾರ್ಚಿನಲ್ಲಿ ತೆರೆಕಂಡಿತು. ಕೊಲ್ಲಾಪುರದ ಸ್ಟುಡಿಯೋದಲ್ಲಿ ಚಿತ್ರಿತವಾದ ಅದರಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅಭಿನಯಿಸಿದ್ದರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ಪರದೆಯ ಮೇಲೆ ಮೊದಲು ಮಾತಾಡಿದ ಆ ದನಿಗಳನ್ನು ಕೇಳುವ ಭಾಗ್ಯ ನಮಗಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು ೧೯೬೪ರಲ್ಲಿ. ಅಷ್ಟರಲ್ಲಿ ದೇಶದ ಹಳೆಯ ಚಿತ್ರಗಳಲ್ಲಿ ಬಹುಪಾಲು ನಾಶವಾಗಿ ಹೋಗಿದ್ದವು.

ಇದು ದೂರದ ಮಾತಲ್ಲ. ನಮ್ಮ ಸಂಘಗಳ ಕಪಾಟುಗಳಲ್ಲಿಯೂ ಇದೇ ನಡೆಯುತ್ತಿದೆ. ೧೯೮೦, ೯೦ರ ದಶಕಗಳಲ್ಲಿ ನಾವು ಆಡಿದ ನಾಟಕಗಳು, ಊರಿನಿಂದ ಬಂದ ಸಾಹಿತಿಗಳ ಭಾಷಣಗಳು, ರಾಜ್ಯೋತ್ಸವದ ಮೆರವಣಿಗೆಗಳು ವಿ.ಎಚ್.ಎಸ್. ಕ್ಯಾಸೆಟ್ಟುಗಳಲ್ಲಿವೆ. ಆ ಪಟ್ಟಿಯ ಮೇಲಿನ ಕಾಂತೀಯ ಲೇಪ ವರ್ಷಗಳು ಕಳೆದಂತೆ ಕ್ಷೀಣಿಸುತ್ತದೆ. ಕಡಲ ತಡಿಯ ನಗರಗಳ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟು ಚೆನ್ನಾಗಿದ್ದರೂ ಓಡಿಸುವ ಯಂತ್ರ ಸಿಗುವುದು ದುರ್ಲಭ. ಜಪಾನಿನ ಫುನಾಯ್ ಸಂಸ್ಥೆ ೨೦೧೬ರ ಜುಲೈಯಲ್ಲಿ ತಯಾರಿಕೆಯನ್ನು ನಿಲ್ಲಿಸಿದಾಗ ಆ ಯಂತ್ರದ ಯುಗವೇ ಮುಗಿಯಿತು. ಆದಕಾರಣ ಈ ಕ್ಯಾಸೆಟ್ಟುಗಳನ್ನು ತಡಮಾಡದೆ ಡಿಜಿಟಲ್ ರೂಪಕ್ಕೆ ಇಳಿಸಬೇಕು. ವರ್ಗಾಯಿಸಿದ ಮೇಲೂ ಮೂಲವನ್ನು ಎಸೆಯಬಾರದು. ಹೊಸ ಕಡತಗಳ ವಿಷಯದಲ್ಲಿ ಪಾಲಿಸಬೇಕಾದ ಸೂತ್ರ ಸರಳವಾಗಿದೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ಹಾರ್ಡ್ ಡಿಸ್ಕು ಕಲ್ಲಿನ ಶಾಸನವಲ್ಲ; ಕೆಲವು ವರ್ಷಗಳಿಗೊಮ್ಮೆ ತೆರೆದು ನೋಡಿ ಹೊಸದಕ್ಕೆ ನಕಲಿಸುತ್ತಿರಬೇಕು. ಪ್ರತಿಯೊಂದರ ಮೇಲೂ ವರ್ಷ, ಸ್ಥಳ, ಕಾಣಿಸಿಕೊಂಡವರ ಹೆಸರು ಬರೆದಿಡಬೇಕು. ಗುರುತು ಹಿಡಿಯಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಇದಾಗಬೇಕು.

ಹಂಚಿಕೆಗೆ ಬೇರೆ ನಗರಗಳ ಸಂಘಗಳೇ ಸಹಜವಾದ ಜಾಲ. ಪುಣೆಯ ಸಂಘ ತಯಾರಿಸಿದ ಚಿತ್ರವನ್ನು ಹೈದರಾಬಾದಿನವರು ನೋಡಲಿ, ಅಲ್ಲಿಯದನ್ನು ದೆಹಲಿಯವರು ನೋಡಲಿ. ಎಷ್ಟು ಬಾರಿ ತೋರಿಸಬಹುದು, ಅಂತರಜಾಲದಲ್ಲಿ ಹಾಕಬಹುದೇ, ಸಂಗ್ರಹವಾದ ಹಣದಲ್ಲಿ ತಯಾರಿಸಿದವರಿಗೆ ಎಷ್ಟು ಪಾಲು ಎಂಬುದನ್ನು ಒಂದು ಹಾಳೆಯ ಒಪ್ಪಂದದಲ್ಲಿ ಬರೆದುಕೊಂಡರೆ ಸ್ನೇಹವೂ ಉಳಿಯುತ್ತದೆ, ಚಿತ್ರವೂ ಸಂಚರಿಸುತ್ತದೆ.

ಹೊರನಾಡಿನಲ್ಲಿ ನೆಲೆಸಿದ ಮೊದಲ ತಲೆಮಾರಿನವರ ಕನ್ನಡ, ಅವರು ಕಂಡ ಕಷ್ಟಸುಖ, ಕಟ್ಟಿದ ಶಾಲೆ, ನಡೆಸಿದ ಹೋಟೆಲು, ಹಚ್ಚಿದ ದೀಪ ಇವುಗಳನ್ನು ದೊಡ್ಡ ಉದ್ಯಮದವರು ಬಂದು ಚಿತ್ರಿಸುವರೆಂದು ಕಾದು ಕುಳಿತರೆ ಹೇಳುವವರೇ ಉಳಿಯುವುದಿಲ್ಲ. ಈ ವರ್ಷ ಪ್ರತಿಯೊಂದು ಸಂಘದ ಕಾರ್ಯಕಾರಿ ಸಮಿತಿಯೂ ಮೂರು ಕೆಲಸಗಳನ್ನು ಹಮ್ಮಿಕೊಳ್ಳಲಿ: ಹಳೆಯ ಕ್ಯಾಸೆಟ್ಟುಗಳ ಪಟ್ಟಿ ಮಾಡುವುದು, ಅನುಮತಿ ಪಡೆದು ಒಂದು ಒಳ್ಳೆಯ ಸಣ್ಣ ಚಿತ್ರವನ್ನು ತೋರಿಸುವುದು, ಎಂಬತ್ತು ದಾಟಿದ ಒಬ್ಬ ಸದಸ್ಯರ ಎದುರು ಕುಳಿತು ಅವರ ಮಾತನ್ನು ದಾಖಲಿಸುವುದು. ಮುಂದಿನ ಸಂಚಿಕೆಯ ಹೊತ್ತಿಗೆ ಈ ಮೂರು ಕೈಗೂಡಿದ್ದರೆ, ಸಂಘಕ್ಕೊಂದು ಚಿತ್ರಸಮಾಜ ಹುಟ್ಟಿದೆಯೆಂದೇ ಭಾವಿಸಬಹುದು.